ಉಳ್ಳಾಗಡ್ಡಿಗೆ ಬೋರ್ಡ್ ಇದೆ, ಹವಾಲ್ದಾರರ ಗುಳಿಗೆಗೆ ಇಲ್ಲ

ಆಡಿಟ್ ಮುಗೀತು, ಮನೆಯಲ್ಲೊಂದು ಮದುವೆಯೂ ಮುಗೀತು. ಎರಡು ತಿಂಗಳಾದ ಮೇಲೆ ಮತ್ತೆ ಬರೆಯೋಕೆ ಕೂತಿದ್ದೇನೆ. ಈ ಸಲ ಧಾರವಾಡದ ನೆನಪು, ಪ್ರವಾಸ, ಊಟ-ತಿಂಡಿ ಏನೂ ಇಲ್ಲ. ಸ್ವಲ್ಪ ಸಿಟ್ಟಿದೆ, ಜೊತೆಗೆ ಅಂಕಿ-ಸಂಖ್ಯೆ ಇದೆ. ಬ್ಯಾಂಕಿನವನಿಗೆ ಸಿಟ್ಟು ಬರೋದೂ ಅಂಕಿ-ಸಂಖ್ಯೆಯಿಂದಲೇ, ಏನು ಮಾಡೋದು! ಬೇಜಾರಾದರೆ ಅರ್ಧಕ್ಕೇ ಬಿಟ್ಟು ಹೋಗಿ, ನಾನೇನೂ ಅಂದುಕೊಳ್ಳೋದಿಲ್ಲ.

ನಮ್ಮ ಮನೆ ನಾಶಿಕದಲ್ಲಿ, ಶಾಖೆ ಲಾಸಲಗಾಂವ್‌ನಲ್ಲಿ. ನಡುವೆ ಅರವತ್ತು ಕಿಲೋಮೀಟರ್ ಆಸುಪಾಸು. ಲಾಸಲಗಾಂವ್ ಅಂದರೆ ನಿಮಗೆ ಬೇರೆ ಪರಿಚಯ ಬೇಡ, ನಿಮ್ಮ ಮನೆಯ ಈರುಳ್ಳಿ ಬುಟ್ಟಿಯನ್ನು ಕೇಳಿ. 1947ರಲ್ಲಿ ಶುರುವಾದ ಇಲ್ಲಿನ ಮಾರುಕಟ್ಟೆ ಸಮಿತಿಯ ಅಂಗಳಕ್ಕೆ ಬೆಳಿಗ್ಗೆ ಟ್ರ್ಯಾಕ್ಟರ್ ಟ್ರಾಲಿಗಳು ಸಾಲುಗಟ್ಟಿ ಬರುತ್ತವೆ. ವ್ಯಾಪಾರಿಗಳ ಗುಂಪು ಒಂದು ಟ್ರಾಲಿಯಿಂದ ಇನ್ನೊಂದಕ್ಕೆ ಜೇನುಹುಳದ ಹಾಗೆ ಹಾರುತ್ತಾ ಹರಾಜು ಕೂಗುತ್ತದೆ. ಹರಾಜು ಮುಗಿಯುವ ಹೊತ್ತಿಗೆ ಮೂರು ಅಂಕಿ ಹೊರಬೀಳುತ್ತವೆ. ಕ್ವಿಂಟಾಲಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ಸರಾಸರಿ ಇಷ್ಟು. ಕೆಂಪು ಈರುಳ್ಳಿಗೆ ಬೇರೆ, ಬೇಸಿಗೆಯ 'ಉನ್ಹಾಳ'ಕ್ಕೆ ಬೇರೆ. ಅದು ಬೋರ್ಡಿಗೆ ಹೋಗುತ್ತದೆ, ಸರ್ಕಾರದ ಜಾಲತಾಣಕ್ಕೆ ಹೋಗುತ್ತದೆ, ಮಧ್ಯಾಹ್ನದೊಳಗೆ ಹುಬ್ಬಳ್ಳಿಯ ದಲಾಲಿಗೂ ಕೋಲ್ಕತ್ತದ ಸಗಟು ವ್ಯಾಪಾರಿಗೂ ಗೊತ್ತಾಗಿರುತ್ತದೆ. 2023ರ ಡಿಸೆಂಬರಿನಲ್ಲಿ ಈರುಳ್ಳಿ ರಫ್ತು ನಿಷೇಧ ಆದಾಗ ದೆಹಲಿಯ ಟಿವಿಯವರೂ ಓದಿದ್ದು ಇದೇ ಲಾಸಲಗಾಂವ್ ದರವನ್ನು.

ನಮ್ಮ ಶಾಖೆಯಲ್ಲಿ ಮೊದಲು ಗಾರ್ಡ್ ಆಗಿದ್ದವರೊಬ್ಬರು ಇದ್ದಾರೆ. ಹೆಸರು ಬೇಡ, ನಾವೆಲ್ಲ ಹವಾಲ್ದಾರರು ಅಂತಲೇ ಕರೆಯೋದು. ಗೋಕಾಕ ಕಡೆಯವರು. ಹದಿನೆಂಟರ ವಯಸ್ಸಿಗೆ ನಾಶಿಕ ರೋಡಿನ ಆರ್ಟಿಲರಿ ಸೆಂಟರಿಗೆ ತರಬೇತಿಗೆ ಬಂದು, ತೋಪಖಾನೆಯಲ್ಲಿ ಹದಿನೇಳು ವರ್ಷ ದುಡಿದು, ಆಮೇಲೆ ಬಂದೂಕು ಹಿಡಿದು ಬ್ಯಾಂಕಿನ ಬಾಗಿಲಲ್ಲಿ ನಿಂತವರು. ಬ್ಯಾಂಕಿನಿಂದಲೂ ನಿವೃತ್ತರಾಗಿ ವರ್ಷಗಳಾದವು. ಮಗ ಇಲ್ಲೇ ಈರುಳ್ಳಿ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾನೆ, ಹಾಗಾಗಿ ಊರಿಗೆ ಮರಳಲಿಲ್ಲ. ವಾರಕ್ಕೆರಡು ಸಲ ಶಾಖೆಗೆ ಬರುತ್ತಾರೆ. ಕೆಲಸ ಇರೋದಿಲ್ಲ, ಕನ್ನಡ ಮಾತಾಡೋಕೆ ಬರುತ್ತಾರೆ. ಗೋಕಾಕದವರಿಗೆ ಕನ್ನಡ ಕೇಳದೆ ವಾರ ಕಳೆಯೋದು ಎಷ್ಟು ಕಷ್ಟ ಅಂತ ಪರವೂರಲ್ಲಿರೋ ನಿಮಗೆ ನಾನು ಹೇಳಬೇಕಾಗಿಲ್ಲ.

ಮೊನ್ನೆ ಅವರು ಮಾರುಕಟ್ಟೆಯ ಕಡೆ ಕೈ ತೋರಿಸಿ ಹೇಳಿದ್ದು ಇಷ್ಟೇ: "ಸಾಹೇಬ್ರ, ಉಳ್ಳಾಗಡ್ಡಿಗೆ ದರ ಹಚ್ಚಿದಂಗ ನಮ್ಮ ಗುಳಗಿಗೂ ಒಂದ್ ಬೋರ್ಡ್ ಹಚ್ಚಿದ್ರ ಏನ್ ಹೋಗ್ತದ್ರಿ ಇವ್ರ ಗಂಟು?"

ನಾನು ನಕ್ಕೆ. ರಾತ್ರಿ ಮನೆಗೆ ಹೋದ ಮೇಲೆ ನಗು ನಿಂತುಹೋಯಿತು. ಯಾಕೆ ಅಂತ ಹೇಳುತ್ತೇನೆ.

ಹವಾಲ್ದಾರರಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಅವರ ಮನೆಯವರಿಗೆ ಥೈರಾಯ್ಡ್, ಮೊಣಕಾಲು ನೋವು. ಇಬ್ಬರಿಗೂ ಇಸಿಎಚ್‌ಎಸ್ ಕಾರ್ಡ್ ಇದೆ. ಅಂದರೆ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ, 2003ರ ಏಪ್ರಿಲ್ 1ರಿಂದ ನಡೆದು ಬಂದದ್ದು. ತಿಂಗಳಿಗೊಂದು ದಿನ ಔಷಧಿಯ ದಿನ. ನಾಲ್ಕೂವರೆಗೆ ಎದ್ದು, ಬುತ್ತಿ ಕಟ್ಟಿಕೊಂಡು, ಎರಡು ಎಸ್‌ಟಿ ಬಸ್ ಬದಲಿಸಿ ಪಾಲಿಕ್ಲಿನಿಕ್ ತಲುಪಬೇಕು. ಅದು ಯಾವ ಊರಿನದು ಅಂತ ಬರೆಯೋದಿಲ್ಲ. ಅಲ್ಲಿ ಕೂತವರ ತಪ್ಪು ಅಂತ ನನಗೆ ಅನ್ನಿಸಿಯೂ ಇಲ್ಲ. ಒಂದು ಸಲ ರಜೆ ಇತ್ತು ಅಂತ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಟೋಕನ್ನು, ಡಾಕ್ಟರು, ಔಷಧಿ ಕಿಟಕಿ ಎಲ್ಲ ಸೇರಿ ನಾಲ್ಕು ಗಂಟೆ. ಬರೆದುಕೊಟ್ಟಿದ್ದು ಏಳು ಔಷಧಿ, ಸಿಕ್ಕಿದ್ದು ನಾಲ್ಕು. ಉಳಿದ ಮೂರರ ಮುಂದೆ 'ಎನ್‌ಎ' ಅಂತ ಬರೆದರು. ನಾಟ್ ಅವೈಲಬಲ್. ಹೊರಗೆ ಕೊಂಡುಕೊಳ್ಳಿ, ಬಿಲ್ಲು ಹಾಕಿ, ಹಣ ಬರುತ್ತದೆ ಅಂದರು. ಹವಾಲ್ದಾರರು ಕೊಂಡರು, ಹಾಕಿದರು. ಮೂರು ತಿಂಗಳ ಮೇಲೆ ಬಿಲ್ಲು ವಾಪಸ್ ಬಂತು. ಅಂಗಡಿಯವನ ಸೀಲು ಸ್ಪಷ್ಟವಾಗಿಲ್ಲವಂತೆ.

ಅಷ್ಟು ಹೊತ್ತು ಕಾದ ಆ ಮನುಷ್ಯ ಒಂದು ಮಾತು ಜೋರಾಗಿ ಆಡಲಿಲ್ಲ. ಫೌಜಿನ ಶಿಸ್ತು ಅಂದುಕೊಂಡೆ. ಬಸ್ಸಿಗೆ ಹೋಗಿದ್ದರೆ ಆ ದಿನಕ್ಕೆ ಎಷ್ಟು ಖರ್ಚು ಅಂತ ದಾರಿಯಲ್ಲಿ ಲೆಕ್ಕ ಹಾಕಿದೆವು. ಇಬ್ಬರ ಟಿಕೆಟ್ಟು, ಚಹಾ, ಆಟೋ. ಸಿಕ್ಕಿದ ನಾಲ್ಕು ಔಷಧಿಗಳ ಬೆಲೆಯ ಹತ್ತಿರ ಹತ್ತಿರ ಬಂತು. ಬಿ.ಕಾಂ. ಓದಿದವನಿಗೆ ಇದಕ್ಕಿಂತ ಅವಮಾನದ ಬ್ಯಾಲೆನ್ಸ್ ಶೀಟು ಬೇಕಾ?

ಇಲ್ಲಿ ಒಂದು ಮಾತು ಸ್ಪಷ್ಟ ಮಾಡುತ್ತೇನೆ, ಇಲ್ಲದಿದ್ದರೆ ನನ್ನನ್ನು ದೇಶದ್ರೋಹಿ ಅಂತ ಕರೆಯೋಕೆ ಕೆಲವರು ಕಾದಿರುತ್ತಾರೆ. ಇಸಿಎಚ್‌ಎಸ್ ಒಳ್ಳೆಯ ಯೋಜನೆ. ಸೇರುವಾಗ ಒಂದೇ ಸಲ ಕಟ್ಟಿದರೆ ಮುಗೀತು. 2017ರ ಕೊನೆಯಲ್ಲಿ ಪರಿಷ್ಕರಿಸಿದ ದರದಂತೆ ಹವಾಲ್ದಾರ್ ವರೆಗಿನವರಿಗೆ 30,000 ರೂಪಾಯಿ, ಅಧಿಕಾರಿಗಳಿಗೆ 1,20,000. 1996ಕ್ಕೆ ಮೊದಲು ನಿವೃತ್ತರಾದವರಿಗೆ ಅದೂ ಇಲ್ಲ, ನಮ್ಮ ಹವಾಲ್ದಾರರು ಆ ಗುಂಪಿನವರು. ಹೃದಯದ ಆಪರೇಷನ್ ಆದರೂ, ಡಯಾಲಿಸಿಸ್ ಆದರೂ ನನ್ನ ವಿಮೆಯ ಹಾಗೆ ಇಷ್ಟು ಲಕ್ಷಕ್ಕೆ ನಿಂತಿತು ಅನ್ನೋದಿಲ್ಲ. ಇಂಥದ್ದೊಂದು ನಮಗೂ ಇದ್ದಿದ್ದರೆ ಅಂತ ಆಸೆಪಟ್ಟವನು ನಾನು. ದೇಶದಲ್ಲಿ ನಾನೂರಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಿವೆ, ನೇಪಾಳದ ಗೋರ್ಖಾ ನಿವೃತ್ತರಿಗಾಗಿ ಅಲ್ಲಿಯೂ ಇವೆ. ದುಡ್ಡು ಕೊಡುತ್ತಿಲ್ಲ ಅನ್ನೋಕೂ ಆಗೋದಿಲ್ಲ. ಬಜೆಟ್ಟಿನಲ್ಲಿ 2023-24ಕ್ಕೆ 5,431 ಕೋಟಿ ಚಿಲ್ಲರೆ, 2024-25ಕ್ಕೆ 6,968 ಕೋಟಿ, 2025-26ಕ್ಕೆ 8,317 ಕೋಟಿ. ಎರಡೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಏರಿಕೆ.

ಹಾಗಾದರೆ ಆ ಮೂರು ಗುಳಿಗೆ ಎಲ್ಲಿ ಹೋದವು?

ನನ್ನ ತಕರಾರು ಇರೋದೇ ಇಲ್ಲಿ. ಈ ಪ್ರಶ್ನೆಗೆ ಉತ್ತರ ಹುಡುಕೋಣ ಅಂತ ಸತತ ನಾಲ್ಕು ರಾತ್ರಿ ಸರ್ಕಾರಿ ಜಾಲತಾಣಗಳನ್ನು ತಡಕಾಡಿದೆ. ಏನು ಸಿಗುತ್ತದೆ ಗೊತ್ತಾ? ಬಹಳ ಸಿಗುತ್ತದೆ. ಯಾವ ರಾಜ್ಯದಲ್ಲಿ ಎಷ್ಟು ಮಾಜಿ ಸೈನಿಕರು, ಎಷ್ಟು ವಿಧವೆಯರು ಅನ್ನೋ ಪಟ್ಟಿ ಸಿಗುತ್ತದೆ. ಪಾಲಿಕ್ಲಿನಿಕ್‌ಗಳ ಪಟ್ಟಿ, ಒಪ್ಪಂದದ ಖಾಸಗಿ ಆಸ್ಪತ್ರೆಗಳ ಪಟ್ಟಿ ಸಿಗುತ್ತದೆ. ಸಂಸತ್ತಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ರಾಜ್ಯವಾರು ಒಂದು ಕೋಷ್ಟಕ ಸಿಗುತ್ತದೆ. ವರ್ಷಕ್ಕೆ ಸುಮಾರು ಅರವತ್ತು ಸಾವಿರ ಮಂದಿ ಸೇನೆಯಿಂದ ನಿವೃತ್ತರಾಗುತ್ತಾರೆ ಅಂತ ಇಲಾಖೆ ತಾನೇ ಹೇಳುತ್ತದೆ. ಆದರೆ ಇಂಥ ಪಾಲಿಕ್ಲಿನಿಕ್‌ನಲ್ಲಿ ಕಳೆದ ತಿಂಗಳು ಬರೆದ ನೂರು ಔಷಧಿಗಳಲ್ಲಿ ಎಷ್ಟು 'ಎನ್‌ಎ' ಆದವು? ಮಂಜೂರಾದ ಡಾಕ್ಟರ ಹುದ್ದೆ ಎಷ್ಟು, ಕುರ್ಚಿಯಲ್ಲಿ ಕೂತವರು ಎಷ್ಟು? ಅಲ್ಲಿಯವರೆಲ್ಲ ಗುತ್ತಿಗೆಯವರು ತಾನೆ, ಯಾರ ಗುತ್ತಿಗೆ ಯಾವಾಗ ಮುಗಿಯುತ್ತದೆ? ಹವಾಲ್ದಾರರ ಹಾಗೆ ಸ್ವಂತ ದುಡ್ಡು ಹಾಕಿ ಕಾಯುತ್ತಿರೋರ ಬಿಲ್ಲು ತೊಂಬತ್ತು ದಿನ ದಾಟಿದವು ಎಷ್ಟು? ಈ ನಾಲ್ಕರಲ್ಲಿ ಒಂದಕ್ಕೂ ನನಗೆ ಉತ್ತರ ಸಿಗಲಿಲ್ಲ.

ಸಿಕ್ಕಿದ್ದೆಲ್ಲ ಮೊತ್ತ ಮತ್ತು ಸರಾಸರಿ. ಈಗ ಮಾರುಕಟ್ಟೆಯ ಬೋರ್ಡ್ ನೆನಪಿಸಿಕೊಳ್ಳಿ. ಅಲ್ಲಿ ಬರೀ ಸರಾಸರಿ ಬರೆದು ಕೈ ತೊಳೆದುಕೊಳ್ಳೋಕೆ ರೈತ ಬಿಡುತ್ತಾನಾ? ನಿಫಾಡ್‌ನ ರೈತ ಬಂದು ಮೊದಲು ನೋಡೋದು ಕನಿಷ್ಠ ಎಷ್ಟು ಅಂತ. ಯಾಕೆಂದರೆ ಮಳೆಗೆ ನೆನೆದ ಟ್ರಾಲಿ ಅವನದೇ ಆಗಿರಬಹುದು. ಸರಾಸರಿ ಬೆಲೆಗೆ ಮಾರಿದ ರೈತ ಒಬ್ಬನೂ ನನಗೆ ಸಿಕ್ಕಿಲ್ಲ. ಒಬ್ಬನಿಗೆ ಹೆಚ್ಚು ಸಿಕ್ಕಿರುತ್ತದೆ, ಇನ್ನೊಬ್ಬನಿಗೆ ಕಡಿಮೆ. ಹಾಗೆಯೇ ಮಹಾರಾಷ್ಟ್ರದ ಸರಾಸರಿ ಪಾಲಿಕ್ಲಿನಿಕ್‌ಗೆ ಔಷಧಿಗೆ ಹೋದ ಮಾಜಿ ಸೈನಿಕ ಒಬ್ಬನೂ ಇರಲಾರ. ಪುಣೆಯಲ್ಲಿ ದೊಡ್ಡ ಸೇನಾ ಆಸ್ಪತ್ರೆಯ ಪಕ್ಕ ಮನೆ ಇರುವ ಕರ್ನಲ್‌ರಿಗೂ ಮರಾಠವಾಡದ ಮೂಲೆಯ ಹಳ್ಳಿಯ ಸಿಪಾಯಿಯ ವಿಧವೆಗೂ ಸರಾಸರಿ ತೆಗೆದರೆ ಬರೋ ಅಂಕಿ ಇಬ್ಬರಿಗೂ ಸುಳ್ಳು. ಕನಿಷ್ಠ ಬರೆಯಿರಿ ಸ್ವಾಮಿ. ನಾನೂರು ಪಾಲಿಕ್ಲಿನಿಕ್‌ಗಳಲ್ಲಿ ಅತಿ ಕೆಳಗಿರೋದು ಯಾವುದು, ಅಲ್ಲಿ ಏನಾಗುತ್ತಿದೆ, ಅದನ್ನು ಬೋರ್ಡಿಗೆ ಹಚ್ಚಿ.

"ಅಷ್ಟೆಲ್ಲ ಲೆಕ್ಕ ಇಟ್ಟಿರೋದಿಲ್ಲ ಬಿಡಿ" ಅಂತ ನನ್ನ ಸಹೋದ್ಯೋಗಿಯೊಬ್ಬರು ಅಂದರು. ಇಟ್ಟಿರುತ್ತಾರೆ! ಪಾಲಿಕ್ಲಿನಿಕ್‌ಗಳಿಗೆ ಎ, ಬಿ, ಸಿ, ಡಿ ಅಂತ ದರ್ಜೆ ಇದೆ. ಸುತ್ತಮುತ್ತ ಎಷ್ಟು ಮಾಜಿ ಸೈನಿಕರಿದ್ದಾರೆ ಅನ್ನೋದರ ಮೇಲೆ ಆ ದರ್ಜೆ, ದರ್ಜೆಯ ಮೇಲೆ ಸಿಬ್ಬಂದಿ. ಅಂದಮೇಲೆ ಎಣಿಸಿದ್ದಾರೆ ಅಂತಾಯಿತಲ್ಲ? ಸ್ಮಾರ್ಟ್ ಕಾರ್ಡ್ ಉಜ್ಜದೆ ಟೋಕನ್ ಇಲ್ಲ, ಅಂದರೆ ಯಾರು ಯಾವತ್ತು ಬಂದರು ಅನ್ನೋದು ಯಂತ್ರಕ್ಕೆ ಗೊತ್ತು. 2012ರಿಂದ ಖಾಸಗಿ ಆಸ್ಪತ್ರೆಗಳ ಬಿಲ್ಲು ಆನ್‌ಲೈನಿನಲ್ಲೇ ಪರಿಶೀಲನೆ ಆಗುತ್ತಿವೆ, ಪ್ರತಿ ಬಿಲ್ಲಿಗೂ ಬಂದ ತಾರೀಖು, ಹೋದ ತಾರೀಖು ಇದ್ದೇ ಇರುತ್ತದೆ. ನಾನು ಬ್ಯಾಂಕಿನವನು, ಕಂಪ್ಯೂಟರಿನಲ್ಲಿ ತಾರೀಖು ಇದ್ದರೆ ಬಾಕಿಯ ವಯಸ್ಸು ತೆಗೆಯೋಕೆ ಎಷ್ಟು ಹೊತ್ತು ಬೇಕು ಅಂತ ನನಗೆ ಗೊತ್ತು. ನಮ್ಮ ಕ್ಲರ್ಕ್ ಹುಡುಗಿ ಚಹಾ ಬರೋದರೊಳಗೆ ತೆಗೆದುಕೊಡುತ್ತಾಳೆ.

ಲೆಕ್ಕ ತೆಗೆದರೆ ಏನು ಸಿಗುತ್ತದೆ ಅನ್ನೋದಕ್ಕೂ ಸಾಕ್ಷಿ ಇದೆ. 2015ರಲ್ಲಿ ಸಿಎಜಿಯವರು ಇದೇ ಯೋಜನೆಯ ಮೇಲೆ ಒಂದು ಇಡೀ ವರದಿ ಕೊಟ್ಟರು. ಔಷಧಿ ಕೊರತೆ, ಬಿಲ್ಲುಗಳ ವಿಳಂಬ, ಆಸ್ಪತ್ರೆಗಳಿಗೆ ಹೋದ ಹೆಚ್ಚುವರಿ ಹಣ, ಕಾರ್ಡುಗಳ ಗೊಂದಲ ಎಲ್ಲ ಅದರಲ್ಲಿದೆ. ಆಡಿಟರು ಬಂದಾಗ ಸಿಗುವ ಅಂಕಿ ಆಡಿಟರು ಹೋದ ಮೇಲೆ ಎಲ್ಲಿ ಮಾಯವಾಗುತ್ತದೆ? ವರದಿ ಬಂದು ಹತ್ತು ವರ್ಷ ದಾಟಿತು. ಅದಾದ ಮೇಲೆ ಔಷಧಿ ಕೊರತೆ ಹೆಚ್ಚಿತೋ ತಗ್ಗಿತೋ ಅಂತ ಲಾಸಲಗಾಂವ್‌ನಲ್ಲಿ ಕೂತ ನಾನು ತಿಳಿಯಬೇಕಾದರೆ ಮತ್ತೊಬ್ಬ ಆಡಿಟರಿಗಾಗಿ ಕಾಯಬೇಕಾ?

ನಮ್ಮ ಬ್ಯಾಂಕುಗಳನ್ನೇ ನೋಡಿ. ನಾವೇನು ಸಾಧುಗಳಲ್ಲ, ನನಗೆ ಚೆನ್ನಾಗಿ ಗೊತ್ತು. ಆದರೆ 1969ರಲ್ಲಿ ಲೀಡ್ ಬ್ಯಾಂಕ್ ಯೋಜನೆ ಬಂದ ಮೇಲೆ ಜಿಲ್ಲೆ ಜಿಲ್ಲೆಗೆ ಲೆಕ್ಕ ಒಪ್ಪಿಸೋದು ನಮಗೆ ತಪ್ಪಿಲ್ಲ. ನಾಶಿಕ ಜಿಲ್ಲೆಯಲ್ಲಿ ಎಷ್ಟು ಠೇವಣಿ ತಗೊಂಡಿರಿ, ಎಷ್ಟು ಸಾಲ ಕೊಟ್ಟಿರಿ ಅಂತ ಜಿಲ್ಲಾಧಿಕಾರಿಯ ಮುಂದೆ ಬೈಸಿಕೊಂಡ ಸಭೆಗಳು ಎಷ್ಟೋ. ಗ್ರಾಹಕನ ದೂರಿಗೆ ಮೂವತ್ತು ದಿನದಲ್ಲಿ ಉತ್ತರ ಕೊಡದಿದ್ದರೆ ಅವನು ಓಂಬುಡ್ಸ್‌ಮನ್ ಹತ್ತಿರ ಹೋಗುತ್ತಾನೆ, ವರ್ಷದ ಕೊನೆಗೆ ದೂರುಗಳ ಲೆಕ್ಕವನ್ನು ರಿಸರ್ವ್ ಬ್ಯಾಂಕ್ ಅಚ್ಚು ಹಾಕಿಸುತ್ತದೆ. ಒಂದು ಎಟಿಎಂ ಕೆಟ್ಟರೆ ನಮ್ಮ ಮೇಲೆ ಇಷ್ಟು ಕಣ್ಣು. ತೋಪಿನ ಸದ್ದಿಗೆ ಅರ್ಧ ಕಿವುಡಾದ ಮನುಷ್ಯನ ಬಿ.ಪಿ. ಗುಳಿಗೆಗೆ ಒಂದು ಕಣ್ಣೂ ಇಲ್ಲ.

ಅಂಕಿ ಇಲ್ಲವೇ ಇಲ್ಲ ಅನ್ನೋದೂ ಸುಳ್ಳು. ಕೊಡುವ ಕಡೆ ಅಂಕಿ ಮಸುಕು, ತೆಗೆದುಕೊಳ್ಳುವ ಕಡೆ ಸ್ಫಟಿಕದಷ್ಟು ಸ್ಪಷ್ಟ! 1949ರಿಂದ ಪ್ರತಿ ಡಿಸೆಂಬರ್ 7ಕ್ಕೆ ಧ್ವಜ ದಿನ. ನಮ್ಮ ಶಾಖೆಗೂ ಸ್ಟಿಕರಿನ ಕಟ್ಟು ಬರುತ್ತದೆ, ನಾವೂ ಅಂಗಿಗೆ ಅಂಟಿಸಿಕೊಂಡು ನೂರು-ಇನ್ನೂರು ಹಾಕುತ್ತೇವೆ. ಇಲ್ಲಿ ಮಹಾರಾಷ್ಟ್ರದಲ್ಲಿ ಆ ನಿಧಿಗೆ ಜಿಲ್ಲೆ ಜಿಲ್ಲೆಗೆ ಗುರಿ ಕೊಡುತ್ತಾರೆ. ಇಂಥ ಜಿಲ್ಲೆ ಗುರಿಯ ಶೇಕಡಾ ಇಷ್ಟು ಮುಟ್ಟಿತು ಅಂತ ಪತ್ರಿಕೆಯಲ್ಲಿ ಬರುತ್ತದೆ, ನೂರು ದಾಟಿಸಿದವರಿಗೆ ಸನ್ಮಾನ ಆಗುತ್ತದೆ. ಬಹಳ ಒಳ್ಳೆಯದು. ಅದೇ ಜಿಲ್ಲೆಯಲ್ಲಿ ಅದೇ ವರ್ಷ ಎಷ್ಟು ವಿಧವೆಯರ ಅರ್ಜಿ ಬಾಕಿ ಉಳಿಯಿತು ಅನ್ನೋ ಶೇಕಡಾವಾರು ಪಕ್ಕದ ಕಾಲಮ್ಮಿನಲ್ಲಿ ಯಾಕಿಲ್ಲ? ಪೇಪರಿನಲ್ಲಿ ಜಾಗ ಸಾಲಲಿಲ್ಲವಾ?

ವಿಧವೆಯರು ಅಂದೆನಲ್ಲ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗಡಿಯಿಂದ ಬಂದ ನಮ್ಮಂಥವರಿಗೆ ಇದು ಹೆಚ್ಚು ತಟ್ಟುವ ವಿಷಯ. ಮೊದಲು ಸೈನಿಕರ ಪಿಂಚಣಿ ಬ್ಯಾಂಕುಗಳ ಮೂಲಕ ಬರುತ್ತಿತ್ತು. ನವೆಂಬರ್ ಬಂತೆಂದರೆ ಜೀವಿತ ಪ್ರಮಾಣಪತ್ರಕ್ಕೆ ನಮ್ಮ ಕೌಂಟರಿನ ಮುಂದೆ ಸಾಲು. ಯಾರು ಬಂದರು, ಯಾರು ಈ ಸಲ ಬರಲಿಲ್ಲ ಅಂತ ಮುಖ ನೋಡಿಯೇ ತಿಳಿಯುತ್ತಿತ್ತು. 2021ರಿಂದ ಅದು 'ಸ್ಪರ್ಶ್' ವ್ಯವಸ್ಥೆಗೆ ಹೋಗತೊಡಗಿತು, ಲೆಕ್ಕ ಪ್ರಯಾಗ್‌ರಾಜ್‌ನದು. ಹೊಸ ವ್ಯವಸ್ಥೆಯನ್ನು ನಾನು ಬೈಯೋದಿಲ್ಲ, ಅದರಲ್ಲಿ ಅನುಕೂಲವೂ ಇದೆ. ಆದರೆ ಕಂಪ್ಯೂಟರು ಮುಖ ನೋಡೋದಿಲ್ಲ, ಅಕ್ಷರ ನೋಡುತ್ತದೆ. ಬೆಳಗಾವಿ ಕಡೆಯ ಹೆಣ್ಣುಮಗಳು ಮದುವೆಯಾದಾಗ ಗಂಡನ ಪಲ್ಟನ್ನಿನ ಕಾಗದದಲ್ಲಿ ಹೆಸರಿನ ಕೊನೆಗೆ 'ಅವ್ವ'. ಮಹಾರಾಷ್ಟ್ರಕ್ಕೆ ಬಂದು ರೇಷನ್ ಕಾರ್ಡ್ ಮಾಡಿಸಿದಾಗ ಅದು 'ಬಾಯಿ'. ಆಧಾರಿನಲ್ಲೂ 'ಬಾಯಿ'. ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲ, ಒಂದು ಕಡೆ ಜನವರಿ 1, ಇನ್ನೊಂದು ಕಡೆ ಜೂನ್ 1. ಗಂಡ ಇರುವವರೆಗೆ ಎಲ್ಲ ನಡೆಯಿತು. ಅವನು ಹೋದ ಮೇಲೆ 'ಅವ್ವ' ಬೇರೆ, 'ಬಾಯಿ' ಬೇರೆ. ಕಾರ್ಡ್ ತಡೆ. ಇಂಥ ಮೂವರು ನನ್ನ ಟೇಬಲ್ಲಿಗೇ ಬಂದಿದ್ದಾರೆ. ಒಬ್ಬಾಕೆಗೆ ಅಫಿಡವಿಟ್ಟು, ಪತ್ರಿಕೆಯ ಜಾಹೀರಾತು, ಹಳೇ ರೆಕಾರ್ಡ್ ಆಫೀಸಿಗೆ ರಿಜಿಸ್ಟರ್ಡ್ ಪತ್ರ ಅಂತ ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆಕೆಯ ಒಂದು ಕಣ್ಣಿನ ಪೊರೆ ಬಲಿತಿತ್ತು. ಪೊರೆಯ ಆಪರೇಷನ್ನಿಗೆ ಮಗ ಸಾಲ ಮಾಡಿದ, ನಮ್ಮ ಶಾಖೆಯಿಂದಲೇ!

ಮೂವರು ಅಂತ ನನಗೆ ಗೊತ್ತು. ಜಿಲ್ಲೆಯಲ್ಲಿ ಮೂವತ್ತೋ ಮುನ್ನೂರೋ? ಯಾರೂ ಹೇಳೋದಿಲ್ಲ. ಎಣಿಕೆಗೆ ಬಾರದ ತೊಂದರೆಗೆ ಹುದ್ದೆಯೂ ಮಂಜೂರಾಗೋದಿಲ್ಲ, ಕ್ಯಾಂಪೂ ನಡೆಯೋದಿಲ್ಲ. 'ಹೆಸರು ಹೊಂದದ ಪ್ರಕರಣ ಬಾಕಿ: ಇಷ್ಟು' ಅಂತ ಜಿಲ್ಲಾ ಸೈನಿಕ ಮಂಡಳಿಯ ಬಾಗಿಲಲ್ಲಿ ತಿಂಗಳಿಗೊಮ್ಮೆ ಸೀಮೆಸುಣ್ಣದಲ್ಲಿ ಬರೆದರೂ ಸಾಕು, ಎರಡನೇ ತಿಂಗಳಿಗೆ ಯಾರೋ ಕಲೆಕ್ಟರು ಕೇಳುತ್ತಾರೆ.

ಈಗ ಎದುರುವಾದಗಳು. ಮೊದಲನೆಯದು, ಭದ್ರತೆ. ಸೈನ್ಯದ ಅಂಕಿ ಹೊರಗೆ ಬಿಡಬಾರದು ಅಂತ. ಅಲ್ಲ ಸ್ವಾಮಿ, ಅರುವತ್ತಾರು ವರ್ಷದ ಮುದುಕರ ಸಕ್ಕರೆ ಗುಳಿಗೆ ಮುಗಿದಿದೆ ಅಂತ ತಿಳಿದುಕೊಂಡು ಶತ್ರು ಏನು ಮಾಡಿಯಾನು? ರಾಜ್ಯವಾರು ಸಂಖ್ಯೆ ನೀವೇ ಪ್ರಕಟಿಸಿದ್ದೀರಿ. ಒಬ್ಬರ ಹೆಸರೂ ಬೇಡ, ಕಾಯಿಲೆಯೂ ಬೇಡ. ಕಿಟಕಿಯ ಲೆಕ್ಕ ಮಾತ್ರ ಕೊಡಿ.

ಎರಡನೆಯದು ಇದಕ್ಕಿಂತ ಗಟ್ಟಿಯಾದ ವಾದ, ನನಗೂ ಅದಕ್ಕೆ ಪೂರ್ತಿ ಉತ್ತರ ಇಲ್ಲ. ಅಂಕಿ ಕೇಳಿದರೆ ಅಂಕಿಯನ್ನೇ ಬೇಯಿಸಿ ಬಡಿಸುತ್ತಾರೆ ಅನ್ನೋದು. ಮಾರ್ಚ್ 31ರ ರಾತ್ರಿ ಬ್ಯಾಂಕುಗಳಲ್ಲಿ ನಡೆಯೋ ಅಲಂಕಾರ ನೋಡಿದವನು ನಾನು, ಇಲ್ಲ ಅನ್ನಲಾರೆ. ಅಮೆರಿಕದಲ್ಲೂ ಇದೇ ಆಯಿತು. ಅಲ್ಲಿ ಮಾಜಿ ಸೈನಿಕರಿಗೆ ಪ್ರತ್ಯೇಕ ಆಸ್ಪತ್ರೆಗಳ ಜಾಲವೇ ಇದೆ. 2014ರಲ್ಲಿ ಫೀನಿಕ್ಸ್ ಊರಿನ ಆಸ್ಪತ್ರೆಯಲ್ಲಿ ಹೊಸ ರೋಗಿ ಸರಾಸರಿ 24 ದಿನ ಕಾಯುತ್ತಾನೆ ಅಂತ ಕಾಗದದಲ್ಲಿ ತೋರಿಸಿದ್ದರು. ತನಿಖೆ ಮಾಡಿದವರು ಒಂದಷ್ಟು ಪ್ರಕರಣ ತೆಗೆದು ನೋಡಿದರೆ ನಿಜವಾಗಿ 115 ದಿನ! ಪಟ್ಟಿಗೇ ಸೇರದೆ ಕಾಯುತ್ತಿದ್ದವರು 1,700 ಮಂದಿ. ಆ ವರ್ಷದ ಮೇ ತಿಂಗಳಲ್ಲಿ ಇಲಾಖೆಯ ಮಂತ್ರಿ ಎರಿಕ್ ಶಿನ್ಸೆಕಿ ರಾಜೀನಾಮೆ ಕೊಟ್ಟರು, ತಾನೂ ಯುದ್ಧದಲ್ಲಿ ಗಾಯಗೊಂಡ ಜನರಲ್ ಆತ. ನೋಡಿ, ಅಂಕಿ ಕೊಡುವ ವ್ಯವಸ್ಥೆಯಲ್ಲೂ ಸುಳ್ಳು ಹುಟ್ಟಿತು. ಆದರೆ '24' ಅಂತ ಬರೆದದ್ದಕ್ಕೆ ತಾನೆ '115' ಅಂತ ಯಾರೋ ಎದ್ದು ಹೇಳೋಕೆ ಆಗಿದ್ದು? ನಮ್ಮಲ್ಲಿ ಬರೆದೇ ಇಲ್ಲವಲ್ಲ, ಸುಳ್ಳು ಅಂತ ಯಾವುದನ್ನು ಹೇಳೋದು? ಆ ಗಲಾಟೆಯ ನಂತರ ಅಲ್ಲಿ ಆಸ್ಪತ್ರೆವಾರು ಕಾಯುವ ದಿನಗಳನ್ನು ಜಾಲತಾಣದಲ್ಲಿ ಹಾಕತೊಡಗಿದರು. ಯಾರು ಬೇಕಾದರೂ ತನ್ನ ಊರಿನ ಹೆಸರು ಹಾಕಿ ನೋಡಬಹುದು.

ಇನ್ನೊಂದು ದೇಶದ ಮಾತು ಹೇಳಿ ಮುಗಿಸುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಜನಗಣತಿಯಲ್ಲಿ ಮೊದಲ ಸಲ 'ನೀವು ಸೇನೆಯಲ್ಲಿ ಇದ್ದಿರಾ' ಅಂತ ಕೇಳಿದರು. ಹದಿನೆಂಟೂವರೆ ಲಕ್ಷ ಜನ ಹೌದು ಅಂದರು. ಯಾವ ಬೀದಿಯ ಆಸುಪಾಸಿನಲ್ಲಿ ಎಷ್ಟು ಮುದುಕ ಸೈನಿಕರಿದ್ದಾರೆ ಅಂತ ಈಗ ಅವರಿಗೆ ಗೊತ್ತು. ನಮ್ಮ ಜನಗಣತಿಯ ಗಣನೆಯ ದಿನ 2027ರ ಮಾರ್ಚ್ 1 ಅಂತ ಗೊತ್ತಾಗಿದೆ. ಒಂದೇ ಒಂದು ಪ್ರಶ್ನೆ, ಒಂದು ಚೌಕದಲ್ಲಿ ಒಂದು ಗೆರೆ. ಕೇಳಿ ಅಂತ ಕೇಳುವವರು ಯಾರು?

ಇದು ಮುದುಕರ ವಿಷಯ, ಇನ್ನು ಹತ್ತು ವರ್ಷಕ್ಕೆ ತಾನಾಗಿ ಮುಗಿಯುತ್ತದೆ ಅಂದುಕೊಳ್ಳಬೇಡಿ. 2022ರ ಜೂನಿನಲ್ಲಿ ಅಗ್ನಿಪಥ ಬಂತು. ಮೊದಲ ತಂಡಗಳು ಆ ವರ್ಷದ ಕೊನೆ, 2023ರ ಮೊದಲಲ್ಲಿ ತರಬೇತಿಗೆ ಸೇರಿದವು. ನಾಲ್ಕು ವರ್ಷ ಅಂದರೆ ಯಾವಾಗ ಅಂತ ನೀವೇ ಕೂಡಿಸಿಕೊಳ್ಳಿ. ಯೋಜನೆ ಬಂದಾಗಿನ ನಿಯಮದಂತೆ ನಾಲ್ವರಲ್ಲಿ ಒಬ್ಬರವರೆಗೆ ಉಳಿಸಿಕೊಳ್ಳುತ್ತಾರೆ, ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ತೆಗೆದುಕೊಂಡು ಮನೆಗೆ. ಅವರಿಗೆ ಪಿಂಚಣಿ ಇಲ್ಲ, ಇಸಿಎಚ್‌ಎಸ್ ಇಲ್ಲ, ಕ್ಯಾಂಟೀನ್ ಇಲ್ಲ. ಅದನ್ನು ಸರಿ ಅನ್ನೋರೂ ಇದ್ದಾರೆ, ತಪ್ಪು ಅನ್ನೋರೂ ಇದ್ದಾರೆ, ಆ ಜಗಳ ಇವತ್ತು ಬೇಡ. ನಾನು ಹೇಳೋದು ಇನ್ನೊಂದು ಸಾಲು: ಅವರಿಗೆ 'ಮಾಜಿ ಸೈನಿಕ' ಅನ್ನೋ ಸ್ಥಾನವೇ ಇಲ್ಲ. ಅಂದರೆ ಪಟ್ಟಿಯಲ್ಲೇ ಇಲ್ಲ! ನಾಶಿಕ ರೋಡಿನಲ್ಲಿ ಕವಾಯತು ಮಾಡಿದ ಹುಡುಗ ಇಪ್ಪತ್ತೈದಕ್ಕೆ ಗೋಕಾಕಕ್ಕೋ ನಿಫಾಡಿಗೋ ಮರಳಿದ. ಸೊಂಟ ನೋವೋ, ಕಿವಿ ಮಂದವೋ, ರಾತ್ರಿ ನಿದ್ದೆ ಬಾರದೋ, ಏನಾದರೂ ಅವನನ್ನು ಎಣಿಸುವ ಕಾಲಮ್ಮು ಯಾವ ಫಾರಂನಲ್ಲೂ ಇಲ್ಲ. ನಮ್ಮ ಹವಾಲ್ದಾರರಿಗೆ ಕನಿಷ್ಠ 'ಎನ್‌ಎ' ಅಂತ ಬರೆಯೋಕೆ ಒಂದು ಚೀಟಿಯಾದರೂ ಇದೆ.

ಸರ್ಕಾರ ಕಣ್ಣು ತೆರೆದಾಗ ಏನಾಗುತ್ತದೆ ಅನ್ನೋದಕ್ಕೂ ಉದಾಹರಣೆ ಕೊಡಬೇಕು, ಇಲ್ಲದಿದ್ದರೆ ಅನ್ಯಾಯ. ಪಿಂಚಣಿಯೇ ಇಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಮತ್ತು ಅಂಥವರ ವಿಧವೆಯರಿಗೆ ತಿಂಗಳಿಗೆ 4,000 ರೂಪಾಯಿ ಸಹಾಯಧನ ಬರುತ್ತಿತ್ತು. 2025ರ ಅಕ್ಟೋಬರಿನಲ್ಲಿ ಅದನ್ನು 8,000 ಮಾಡಿದರು, ನವೆಂಬರ್ 1ರಿಂದ ಬರುವ ಅರ್ಜಿಗಳಿಗೆ. ವರ್ಷಕ್ಕೆ ಸುಮಾರು 257 ಕೋಟಿ ಹೊರೆ ಅಂತ ಲೆಕ್ಕ ಹಾಕಿ ಹೇಳಿದರು, ಮಕ್ಕಳ ಓದು, ಮದುವೆಯ ಸಹಾಯ ಸೇರಿ. ಹೊರೆ ಎಷ್ಟು ಅಂತ ಹೇಳಬಲ್ಲವರಿಗೆ ಫಲಾನುಭವಿಗಳ ಎಣಿಕೆಯೂ ಬರುತ್ತದೆ ಅಂತ ತಾನೆ ಅರ್ಥ? ಆದರೆ ಈ ಸಹಾಯಧನ ಇದೆ ಅಂತಲೇ ತಿಳಿಯದವರು ನನ್ನ ಶಾಖೆಯ ಹಳ್ಳಿಗಳಲ್ಲೇ ಇಬ್ಬರು ಸಿಕ್ಕರು. ಐದಾರು ವರ್ಷ ಸೇವೆ ಮಾಡಿ ಮನೆಗೆ ಬಂದವರು, ಈಗ ಕುರಿ ಕಾಯುತ್ತಾರೆ.

ಇಷ್ಟು ಹೊತ್ತು ಸರ್ಕಾರವನ್ನು ಬೈದೆ. ಈಗ ನಮ್ಮ ಸರದಿ. ನಾವು, ಅಂದರೆ ಹೊರನಾಡ ಕನ್ನಡಿಗರು. ಜನವರಿ 26, ಆಗಸ್ಟ್ 15, ನವೆಂಬರ್ 1 ಬಂದರೆ ನಮ್ಮ ಸಂಘಗಳಿಗೆ ಒಬ್ಬ ಯೋಧ ಬೇಕು. ವೇದಿಕೆಗೆ ಕರೆಸಿ ಶಾಲು ಹೊದಿಸುತ್ತೇವೆ, ಹಣ್ಣಿನ ಬುಟ್ಟಿ ಕೊಡುತ್ತೇವೆ, ಫೋಟೋ ಹೊಡೆದು ವಾಟ್ಸಾಪಿಗೆ ಹಾಕುತ್ತೇವೆ. ಹವಾಲ್ದಾರರ ಟ್ರಂಕಿನಲ್ಲಿ ಏಳು ಶಾಲುಗಳಿವೆ, ಅದರಲ್ಲಿ ಎರಡನ್ನು ಹೊದಿಸಿದ ಕಾರ್ಯಕ್ರಮದಲ್ಲಿ ನಾನೇ ನಿರೂಪಕ. ಮುಂದಿನ ತಿಂಗಳು ಗುಳಿಗೆ ಸಿಗುತ್ತಾ ಅಂತ ಅವರನ್ನು ನಾವು ಯಾರೂ ಕೇಳಲಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಫೋಟೋ ಮುಂದೆ ದೀಪ ಹಚ್ಚುತ್ತೇವೆ. ನಿವೃತ್ತರಾದ ಮೇಲೆ 1964ರಲ್ಲಿ ಮಾಜಿ ಸೈನಿಕರಿಗಾಗಿ ದೇಶಮಟ್ಟದ ಸಂಘ ಕಟ್ಟಲು ಮುಂದಾದವರು ಅದೇ ಕಾರ್ಯಪ್ಪ ಅನ್ನೋದು ನಮ್ಮ ಭಾಷಣದಲ್ಲಿ ಬರೋದೇ ಇಲ್ಲ.

ಒಂದು ಸಲ ನಾನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ನೋಡಿದೆ. ಯಾವ ಕಚೇರಿ ಅನ್ನೋದು ಬೇಡ. ಔಷಧಿ ಕೊರತೆಯ ಬಗ್ಗೆ ಎಂಟು ಪ್ರಶ್ನೆ ಕೇಳಿದ್ದೆ, ಅದೇ ನನ್ನ ತಪ್ಪಾಯಿತು. 'ಕೇಳಿದ ಮಾಹಿತಿ ಸಂಕಲಿಸಿದ ರೂಪದಲ್ಲಿ ಲಭ್ಯವಿಲ್ಲ' ಅಂತ ಒಂದು ಸಾಲಿನ ಉತ್ತರ ಬಂತು. ಈಗ ಬುದ್ಧಿ ಬಂದಿದೆ. 2005ರ ಕಾಯ್ದೆಯ ನಾಲ್ಕನೇ ಕಲಂ, ಕೇಳದೆಯೇ ಪ್ರಕಟಿಸಬೇಕಾದ ಮಾಹಿತಿಯ ಬಗ್ಗೆ ಹೇಳುತ್ತದೆ. ಅದನ್ನು ಮೇಲೆ ಬರೆದು ಈ ಸಲ ಒಂದೇ ಪ್ರಶ್ನೆ ಇಟ್ಟಿದ್ದೇನೆ: ಈ ಪಾಲಿಕ್ಲಿನಿಕ್‌ನಲ್ಲಿ ಹೋದ ತಿಂಗಳು 'ಎನ್‌ಎ' ಅಂತ ಬರೆದ ಔಷಧಿಗಳ ಪಟ್ಟಿಯ ನಕಲು ಕೊಡಿ. ಸಂಕಲನ ಬೇಡ, ನಕಲು ಸಾಕು. ಕೂಡಿಸೋ ಕೆಲಸ ನಾನು ಮಾಡಿಕೊಳ್ಳುತ್ತೇನೆ, ಮೂವತ್ತು ವರ್ಷದಿಂದ ಅದನ್ನೇ ಮಾಡಿದ್ದೇನೆ.

ಸೋಲಾಪುರ, ಕೊಲ್ಹಾಪುರ, ಸಂಭಾಜಿನಗರ, ಅಹಿಲ್ಯಾನಗರದಲ್ಲಿ ಇದನ್ನು ಓದುತ್ತಿರುವವರು ನಿಮ್ಮ ಹತ್ತಿರದ ಪಾಲಿಕ್ಲಿನಿಕ್ ಹೆಸರು ಹಾಕಿ ಇದೇ ಪ್ರಶ್ನೆ ಕಳಿಸಿ. ಬೆಳಗಾವಿ, ಮಡಿಕೇರಿ, ಮಂಗಳೂರಿನ ನಿಮ್ಮ ಅಣ್ಣತಮ್ಮಂದಿರಿಗೂ ಹೇಳಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಹತ್ತು ಜನ ತಂದರೆ ಹತ್ತು ಕಿಟಕಿಗಳ ಲೆಕ್ಕ, ಕನಿಷ್ಠ ಗರಿಷ್ಠ ಸರಾಸರಿ ಸಮೇತ ನಾನು ಇಲ್ಲೇ ಬರೆಯುತ್ತೇನೆ. ಅರ್ಜಿಯ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಪ್ರತಿ ನನ್ನ ಹತ್ತಿರ ಇದೆ, ಬೇಕಾದವರು ಕೇಳಿ.

ನನ್ನ ಅರ್ಜಿ ಹೋದ ಮಂಗಳವಾರ ಪೋಸ್ಟ್ ಆಯಿತು. ಹವಾಲ್ದಾರರು ತಾವೇ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿ ಬಂದರು. ರಸೀತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಇಸಿಎಚ್‌ಎಸ್ ಕಾರ್ಡಿನ ಜೊತೆ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಅವರ ಮುಂದಿನ ಔಷಧಿಯ ದಿನ ಹನ್ನೆರಡನೇ ತಾರೀಖು.